ಎರಡು ನೂಲು ಇಳಿದ ಬಾಗಿಲು

ಬಾಗಿಲು ಮತ್ತೆ ಇಳಿದಿತ್ತು!

ಊಟ ಮುಗಿಸಿ ಶೆಡ್ಡಿಗೆ ಬಂದ ಮೇಸ್ತ್ರಿ ಹಳೆಯ ಲಾರಿಯ ಡ್ರೈವರ್ ಬದಿಯ ಬಾಗಿಲನ್ನು ತಳ್ಳಿದರು. ಅದು ಲಾಕಿಗೆ ಬಡಿದು ವಾಪಸ್ ಬಂತು. ಸ್ಕೇಲ್ ಹಿಡಿದು ನೋಡಿದರು— ಹಿಂದಿನ ಅಂಚು ಎರಡು ನೂಲು, ಅಂದರೆ ಸರಿಯಾಗಿ ಕಾಲು ಇಂಚು, ಕೆಳಗೆ.

"ಮೂರನೇ ದಿನ," ಎಂದು ಅಲ್ಲೇ ಕುಸಿದು ಕೂತರು. "ಬಾಗಿಲು ಮೇಲೇಳ್ಲಿ ಅಂತ ಹಿಂಜಿನ ಹಿಂದೆ ಪ್ಯಾಕಿಂಗ್ ತಗಡು ಇಟ್ಟೆ ಅನ್ಕೋತೀನಿ, ಇಟ್ಟಿರಲ್ಲ. ನಂಗೂ ಮರೆವು ಶುರುವಾಯ್ತು ಕಣೋ. ಇವತ್ತಿಗೆ ಸುತ್ತಿಗೆ ಕೆಳಗಿಡ್ತೀನಿ."

ನಾನು ಆ ಶೆಡ್ಡಿನ ಪೇಂಟರ್. ಬೆಳಗ್ಗೆ 'ಬಾಗಿಲು ಕೂತಿತು' ಎಂದು ಅವರು ಕೂಗಿದ್ದು ಕೇಳಿಸಿತ್ತು. ಮಡ್‌ಗಾರ್ಡ್ ಉಜ್ಜುತ್ತಿದ್ದ ನಾನು ಎದ್ದು ಹೋಗಿ ನೋಡಿರಲಿಲ್ಲ. ನಲವತ್ತು ವರ್ಷ ತಗಡು ಬಡಿದ ಮನುಷ್ಯ ತನ್ನನ್ನೇ ನಂಬದೆ ಕೂತದ್ದನ್ನು ನೋಡಲಾಗಲಿಲ್ಲ. ಅವರ ಅಕ್ಕನಿಗೆ ಹೇಳಿ ಕಳಿಸಿದೆ. ಪೊಲೀಸ್ ಠಾಣೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಅವಳು ನಮಗೆಲ್ಲ ದೊಡ್ಡಕ್ಕ. ಹಿಡಿದ ಕಳ್ಳರಿಗಿಂತ ಗದರಿಸಿದ ಕಳ್ಳರೇ ಹೆಚ್ಚು ಎಂದು ಅವಳೇ ಹೇಳಿಕೊಳ್ಳುತ್ತಾಳೆ.

ಶೆಡ್ಡಿಗೇ ನಿದ್ದೆ ಹತ್ತಿದಂಥ ಮಧ್ಯಾಹ್ನ. ಸೂರಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಉಜ್ಜಿದ ಬಣ್ಣದ ಧೂಳು ಅದರೊಳಗೆ ನಿಧಾನ ತೇಲುತ್ತಿತ್ತು. ಪ್ರೈಮರ್ ಬಳಿದ ಲಾರಿ ಕನಸಿನಿಂದ ಅರ್ಧ ಎದ್ದು ಬಂದಂತೆ ಬೂದು ಬಣ್ಣದಲ್ಲಿ ನಿಂತಿತ್ತು. ಅದರ ಯಜಮಾನ, ಮುದುಕ ಡ್ರೈವರಜ್ಜ, ಹೊರಗಿನ ಬೆಂಚಿನ ಮೇಲೆ ರಸ್ತೆ ನೋಡುತ್ತ ಕೂತಿದ್ದ. ಅವನಿಗೆ ಮರೆವಿನ ಕಾಯಿಲೆ. ದಿನಾ ಊಟದ ಹೊತ್ತಿಗೆ ಅಜ್ಜಿ ಅವನನ್ನು ಕರೆತಂದು ಲಾರಿ ತೋರಿಸುತ್ತಿದ್ದಳು. ಅವನು ನೋಡುತ್ತಿದ್ದ, ಅಷ್ಟೆ. ಅಜ್ಜಿ ಮಾತ್ರ ಲಾರಿಯೊಳಗೆ ಹತ್ತಿ ಸೀಟಿಗೊರಗಿ ತೂಕಡಿಸುತ್ತಿದ್ದಳು; ಇವತ್ತೂ ಅಲ್ಲೇ ಇದ್ದಳು.

ದೊಡ್ಡಕ್ಕ ಬಂದವಳೇ ಕೆಳಗಿನ ಹಿಂಜಿನ ಬಳಿ ಬಗ್ಗಿ ಟಾರ್ಚ್ ಬಿಟ್ಟಳು.

"ಪ್ಯಾಕಿಂಗ್ ಇಟ್ರೆ ಅದರ ಮೂಲೆ ಹೊರಗೆ ಕಾಣುತ್ತೇನೋ?"

"ಒಂಚೂರು ಕಾಣುತ್ತೆ," ಎಂದರು ಮೇಸ್ತ್ರಿ.

"ಮತ್ತೆ ಇದೇನು? ಹಸಿ ಪ್ರೈಮರ್ ಮೇಲೆ ತಗಡಿನ ಮೂಲೆಯ ಅಚ್ಚು! ನೀನು ಇಟ್ಟಿದ್ದೆ. ಯಾರೋ ತೆಗೆದಿದಾರೆ."

ಮೇಸ್ತ್ರಿ ಬಗ್ಗಿ ಆ ಅಚ್ಚು ನೋಡಿದರು. ದೊಡ್ಡಕ್ಕ ಅವರ ಅಳಿಯನತ್ತ ತಿರುಗಿದಳು. ಅವನು ನಮ್ಮ ಮೆಕ್ಯಾನಿಕ್.

"ಅಳಿಯಂದಿರೇ, ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಬೋಲ್ಟ್ ತರೋಕೆ ಅಂಗಡಿಗೆ ಹೋಗಿದ್ದೆ."

"ಮೂರು ದಿನವೂ?"

"ಮಾವ ರೆಸ್ಟ್ ತಗೊಳ್ಳಲಿ ಅಂದಿದ್ದು ನಿಜ. ಅಂದಮಾತ್ರಕ್ಕೆ ನಾನು—"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ! ನಾನಿನ್ನೂ ಏನೂ ಅಂದಿಲ್ಲ." ಆಮೇಲೆ ನನ್ನ ಕಡೆ ನೋಡಿದಳು. "ನೀನು?"

"ಇಲ್ಲೇ ಟೈರ್ ಮೇಲೆ ಮಲಗಿದ್ದೆ, ದೊಡ್ಡಕ್ಕ."

"ಕಾವಲು ಅಂದ್ರೆ ಹೀಗಿರಬೇಕು!"

ನಮ್ಮ ಗಲಾಟೆಗೆ ಅಜ್ಜಿಗೆ ಎಚ್ಚರವಾಯಿತು. ಟೀ ಫ್ಲಾಸ್ಕ್ ಹಿಡಿದು ಕೆಳಗಿಳಿದು, ಅದೇ ಬಾಗಿಲು ಹಾಕಿ, ಗಂಡನ ಹತ್ತಿರ ಹೊರಗೆ ಹೋದಳು. ಅಳಿಯ ಇನ್ನೂ ಆಣೆ ಹಾಕುತ್ತಲೇ ಇದ್ದ.

ದೊಡ್ಡಕ್ಕ ಮಾತು ನಿಲ್ಲಿಸಿ ಲಾರಿಯನ್ನೇ ನೋಡಿದಳು.

"ಈ ಬಾಗಿಲು ತೆಗೆದು ಮುಚ್ಚಿ ನೋಡಿ, ಇಬ್ಬರೂ."

ಅಳಿಯ ತಳ್ಳಿದ. ವಾಪಸ್ ಬಂತು. ನಾನು ಬಲವಾಗಿಯೇ ಬಡಿದೆ. ವಾಪಸ್!

"ಲಾರಿ ಶೆಡ್ಡಿಗೆ ಬಂದ ದಿನ ಬಾಗಿಲು ಎಷ್ಟು ಇಳಿದಿತ್ತೋ?"

"ಎರಡು ನೂಲು," ಎಂದರು ಮೇಸ್ತ್ರಿ.

"ಮೂರು ದಿನದಿಂದ ಇಳೀತಿರೋದೂ ಎರಡೇ. ಕೆಡಿಸೋರು ಯಾರಾದ್ರೂ ಅಳತೆ ನೋಡ್ತಾರಾ? ಇದು ಕೆಡಿಸಿದ್ದಲ್ಲ, ಮೊದಲಿದ್ದ ಹಾಗೆ ಮಾಡಿದ್ದು. ಬಾಗಿಲು ಯಾರ ಕೈಲಿ ಬಡೀತು ಅಂತ ನೀವೆಲ್ಲ ನೋಡಿದ್ರಿ. ಯಾರ ಕೈಲಿ ಮುಚ್ಚಿಕೊಳ್ತು ಅಂತ ನೋಡಲೇ ಇಲ್ಲ. ಈಗ ಅಜ್ಜಿ ಇಳಿದ್ರಲ್ಲ— ಹಿಡಿಕೆ ಒಂಚೂರು ಎತ್ತಿ, ಸೊಂಟ ಕೊಟ್ಟು, ಒಂದೇ ಸಲಕ್ಕೆ ಹಾಕಿ ಹೋದ್ರು. ಪ್ಯಾಕಿಂಗ್ ತೆಗೆದೋರು ಅವರೇ."

ಹೊಸ್ತಿಲಲ್ಲಿ ಅಜ್ಜಿ ನಿಂತಿದ್ದಳು. ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಆರು ತಗಡು ತುಂಡು.

"ಹೌದಪ್ಪಾ, ನಾನೇ. ಇಪ್ಪತ್ತು ವರ್ಷ ಇವರ ಪಕ್ಕ ಕೂತು ಓಡಾಡಿದೀನಿ, ಸ್ಪ್ಯಾನರ್ ಹಿಡಿಯೋಕೆ ಬರುತ್ತೆ. ನೀವು ಬಾಗಿಲು ಸರಿ ಮಾಡಿದ ದಿನ ಇವರು ಬಂದು ಎಂದಿನ ಹಾಗೆ ಅದನ್ನ ಎತ್ತಿ ಹಾಕೋಕೆ ನೋಡಿದ್ರು. ಎತ್ತೋಕೆ ಏನೂ ಇರ್ಲಿಲ್ಲ. 'ಇದು ನನ್ನ ಗಾಡಿ ಅಲ್ಲ' ಅಂದು ಬೆಂಚಿಗೆ ಹೋಗಿ ಕೂತರು. ನನ್ನನ್ನಂತೂ ದಿನಾ 'ನೀವು ಯಾರಮ್ಮಾ' ಅಂತಾರೆ. ಗಾಡಿಯಾದ್ರೂ ನೆನಪಿರಲಿ ಅಂತ ತೆಗೆದೆ. ಇವರನ್ನ ಪುಸಲಾಯಿಸಿ ಎಬ್ಬಿಸೋ ಹೊತ್ತಿಗೆ ದಿನಾ ನೀವು ಬಂದ್ಬಿಡ್ತಿದ್ರಿ."

"ಒಂದು ಮಾತು ಹೇಳೋದಲ್ವಾ ಅಜ್ಜಿ?" ಎಂದರು ಮೇಸ್ತ್ರಿ.

"ನೀವು ಬಾಗಿಲು ಸವರ್ತಾ ಅಷ್ಟು ಖುಷಿಯಾಗಿದ್ರಲ್ಲ, ಬಾಯಿ ಬರ್ಲಿಲ್ಲ. ನಿಮಗೇ ಮರೆವು ಅಂದ್ಕೋತೀರಿ ಅಂತ ಗೊತ್ತಿದ್ರೆ ಮುಟ್ತಿರ್ಲಿಲ್ಲ ಮೇಸ್ತ್ರಿ." ಅಜ್ಜಿ ಅತ್ತೇ ಬಿಟ್ಟಳು.

ಮೇಸ್ತ್ರಿ ಕಣ್ಣೊರೆಸಿಕೊಂಡು ಸ್ಪ್ಯಾನರ್ ಎತ್ತಿಕೊಂಡರು. ಪ್ಯಾಕಿಂಗ್ ಇಡಲಿಲ್ಲ. ಹಿಂಜ್ ಬಿಗಿ ಮಾಡಿ, ಎತ್ತಿದಾಗ ಮಾತ್ರ ಸಿಕ್ಕುವಂತೆ ಲಾಕನ್ನು ಹೊಂದಿಸಿದರು.

"ನಲವತ್ತು ವರ್ಷ ಬಾಗಿಲು ಸರಿ ಮಾಡಿದೀನಿ," ಎಂದರು. "ಅಳತೆ ಇಟ್ಟು ಇಳಿಸಿದ್ದು ಇದೇ ಮೊದಲು."

ಅಜ್ಜನನ್ನು ಕರೆತಂದೆವು. ಅವನು ಲಾರಿಯ ಮುಂದೆ ಬಹಳ ಹೊತ್ತು ನಿಂತ. ಅವನ ಕೈ ತಾನಾಗಿ ಹಿಡಿಕೆಯ ಮೇಲೆ ಹೋಯಿತು. ಬಾಗಿಲು ತೆಗೆದ, ಹತ್ತಿದ, ಒಳಗಿನಿಂದ ಎತ್ತಿ ಎಳೆದ— ಒಂದೇ ಸಲಕ್ಕೆ ಮುಚ್ಚಿಕೊಂಡಿತು. ಸ್ಟೀರಿಂಗ್ ಹಿಡಿದು ಕೂತು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಯಾರ ಗುರುತೂ ಹತ್ತಲಿಲ್ಲ. ಕೊನೆಗೆ ಅಜ್ಜಿಯ ಮೇಲೆ ಕಣ್ಣು ನಿಂತಿತು.

"ಏನೇ, ಇನ್ನೂ ನಿಂತೇ ಇದೀಯಲ್ಲ? ಹತ್ತು, ಹೊತ್ತಾಯ್ತು!"

ಅಜ್ಜಿ ಆ ಕಡೆಯಿಂದ ಓಡಿಹೋಗಿ ಹತ್ತಿದಳು. ಲಾರಿಗೆ ಇನ್ನೂ ಡೀಸೆಲ್ ಟ್ಯಾಂಕೇ ಕೂರಿಸಿರಲಿಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ, ದೊಡ್ಡಕ್ಕನಿಗೂ, ಬರಲಿಲ್ಲ.