ಇನ್ನೂರ ಹದಿನಾಲ್ಕನೇ ಪರೀಕ್ಷೆ

"ನೋಡಬೇಡ!"

ಗುರುಮೂರ್ತಿ ಎರಡೂ ಅಂಗೈಗಳನ್ನು ಕಂಪ್ಯೂಟರ್ ಪರದೆಗೆ ಅಡ್ಡ ಹಿಡಿದಿದ್ದ. ಕೆಲಸದ ಮೊದಲ ದಿನ, ಒಂದು ನಮಸ್ಕಾರ ಹೇಳೋಣವೆಂದು ಅವನ ಮೇಜಿನತ್ತ ಬಾಗಿದ್ದ ಜಿಷಳ ಮುಖ ಕೆಂಪೇರಿತು.

ಇವನೇನು ನನ್ನನ್ನು ಕಳ್ಳಿ ಅಂದುಕೊಂಡನೇ...?

"ಬೇಜಾರು ಮಾಡ್ಕೋಬೇಡ ಮೋಳೇ," ಕಚೇರಿಯ ಹಿರಿಯರಾದ ಶ್ರೀಧರನ್ ಸಾರ್ ತಮ್ಮ ಭಾಷೆಯಲ್ಲಿ ಮಗಳೇ ಎಂದು ಕರೆದು ನಕ್ಕರು. ಗಡಿಯಾಚೆಯ ಕನ್ನಡದ ಊರು ಕುಟ್ಟದಲ್ಲಿ ಹತ್ತು ವರ್ಷ ಇದ್ದು ಕನ್ನಡ ಕಲಿತವರು ಅವರು. "ಇಲ್ಲಿ ಪದ್ಧತಿಯೇ ಹಾಗೆ. ಎರಡು ಮೇಜು, ಬೆನ್ನಿಗೆ ಬೆನ್ನು. ಒಬ್ಬರ ಉತ್ತರ ಇನ್ನೊಬ್ಬರು ನೋಡೋ ಹಾಗಿಲ್ಲ. ಶನಿವಾರ ನಾನು ಎರಡೂ ಹಾಳೆ ಪಕ್ಕಪಕ್ಕ ಇಡ್ತೀನಿ. ಅಲ್ಲಿವರೆಗೂ ನೀವಿಬ್ಬರೂ ಅಪರಿಚಿತರು!"

ಮಾನಂದವಾಡಿ ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿದ್ದ ಆ ಪುಟ್ಟ ಕಚೇರಿ ನಡೆಯುತ್ತಿದ್ದುದು ಆನೆಗಳ ದೆಸೆಯಿಂದ. ಆನೆ ಕಂಡ ಕೂಡಲೇ ಕಾಡಿನ ವಾಚರ್ ಮೊಬೈಲಿನಲ್ಲಿ ಒಂದು ಸಾಲು ಬರೆದು ಕಳಿಸುತ್ತಾನೆ. ಆ ಸಾಲಿನಿಂದ ಊರಿನ ಹೆಸರನ್ನು ಹೆಕ್ಕಿ, ಆ ಊರಿನವರ ಫೋನುಗಳನ್ನು ಮಾತ್ರ ಕೂಗಿಸಬೇಕು. ಹೆಕ್ಕುವುದಕ್ಕೆ ಒಂದು ಸೂತ್ರ ಬರೆದಿರುತ್ತಾರೆ. ಕಂಪ್ಯೂಟರಿನವರ ಬಾಯಲ್ಲಿ ಅದು ರೆಗ್ಯುಲರ್ ಎಕ್ಸ್‌ಪ್ರೆಶನ್. ಆ ಸೂತ್ರ ಓದಿ ಹುಡುಕುವ ಎಂಜಿನ್‌ಗಳು ಎರಡು. ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯದು, ಮೊಬೈಲಿನಲ್ಲಿ ಹೊಸದು. ಒಂದೇ ಸಾಲು ಕೊಟ್ಟರೆ ಎರಡೂ ಒಂದೇ ಉತ್ತರ ಹೇಳಬೇಕು. ಹೇಳುತ್ತವೆಯೇ ಎಂದು ನೋಡುವುದೇ ಇವರ ಕೆಲಸ. ಹಳೆಯದು ಗುರುಮೂರ್ತಿಯ ಪಾಲು, ಹೊಸದು ಜಿಷಳ ಪಾಲು.

ಜಿಷಳಿಗೆ ಇದು ಆಟವಾಗಿರಲಿಲ್ಲ. ಅವಳ ಅಪ್ಪ ಶಿವನಂಜಪ್ಪ ತೋಲ್ಪೆಟ್ಟಿಯಲ್ಲಿ ವಾಚರ್. ಮನೆ ಕಾಡಿನಂಚಿನ ಅರಳಿಕುನ್ನು ಮೇಲೆಪಾಡಿಯಲ್ಲಿ.

ಮೇಜಿನ ಮುಂದೆ ತುಟಿ ಬಿಚ್ಚದ ಗುರುಮೂರ್ತಿ, ಮೆಟ್ಟಿಲಿಳಿದು, ಎಲ್ಲರಿಗೂ ಅಕ್ಕನಾದ ಕುಞ್ಞಮ್ಮ ಚೇಚಿಯ ಚಹಾ ಅಂಗಡಿಗೆ ಬಂದರೆ ಬೇರೆಯೇ ಮನುಷ್ಯ! ಅವನೂ ತಿರುನೆಲ್ಲಿ ಕಡೆಯ ಕನ್ನಡದ ಮನೆಯವನೇ. ಮಾತಿಗೆ ಮಾತು, ನಗೆಗೆ ನಗೆ.

"ಮೇಲೆ ಮೂಗ, ಕೆಳಗೆ ರೇಡಿಯೋ," ಎಂದು ಕುಞ್ಞಮ್ಮ ಗೇಲಿ ಮಾಡುತ್ತಿದ್ದಳು. "ಈ ಹುಡುಗಿ ಬರೋಕೆ ಮೊದಲು ಇವನು ಇಲ್ಲಿ ಅರ್ಧ ಚಹಾಕ್ಕಿಂತ ಜಾಸ್ತಿ ನಿಂತೇ ಇರ್ಲಿಲ್ಲ!"

ಗುರುಮೂರ್ತಿ ಲೋಟದೊಳಗೆ ಮುಖ ಮರೆಸಿಕೊಂಡ. ಜಿಷ ಖಾಲಿಯಾದ ಲೋಟವನ್ನೇ ಮತ್ತೊಮ್ಮೆ ತುಟಿಗಿಟ್ಟಳು.

ಆದರೆ ಮೇಲಿನ ಕೋಣೆಯಲ್ಲಿ ಅವಳಿಗೆ ದಿಗಿಲು. ಮೂರು ಶನಿವಾರ ಇಬ್ಬರ ಹಾಳೆಗಳ ನಡುವೆ ವ್ಯತ್ಯಾಸ ಬಂತು. ಮೂರು ಸಲವೂ ತಪ್ಪು ಅವಳದೇ. ಒಮ್ಮೆ ಸಾಲು ಜಾರಿತ್ತು, ಒಮ್ಮೆ ಸೂತ್ರದ ಒಂದು ಗುರುತು ಬಿಟ್ಟುಹೋಗಿತ್ತು, ಇನ್ನೊಮ್ಮೆ ಸೂತ್ರದೊಳಗೆ ಊರುಗಳ ಹಳೆಯ ಪಟ್ಟಿಯನ್ನೇ ಹಾಕಿದ್ದಳು.

"ಇನ್ನೊಂದು ಸಲ ಹೀಗಾದ್ರೆ ನಿನ್ನನ್ನ ಈ ಮೇಜಿಂದ ಎಬ್ಬಿಸ್ತೀನಿ," ಅಂದಿದ್ದರು ಸಾರ್.

ಈ ಮೇಜಿನಿಂದ ಎದ್ದರೆ... ಅವನ ಬೆನ್ನಿಗೆ ಬೆನ್ನಾಗಿ ಇನ್ಯಾರೋ!

ಕೊನೆಯ ವಾರ. ಭಾನುವಾರ ಸಂಜೆ ಆರಕ್ಕೆ ಹೊಸ ಎಂಜಿನ್ ಶುರುವಾಗಬೇಕು. ಆಮೇಲೆ ಎಚ್ಚರಿಕೆ ಕಳಿಸುವುದೆಲ್ಲ ಮೊಬೈಲೇ. ಶುಕ್ರವಾರ ಜಿಷ ಇನ್ನೂರ ಹದಿನಾಲ್ಕನೇ ಪರೀಕ್ಷೆ ಓಡಿಸಿದಳು. 'ಅರಳಿಕುನ್ನು ಮೇಲೆಪಾಡಿಯಲ್ಲಿ ಮೂರು ಆನೆ' ಎಂಬ ಸಾಲು. ಮೊಬೈಲು ಹೆಕ್ಕಿಕೊಟ್ಟದ್ದು ಬರೀ 'ಅರಳಿಕುನ್ನು'. ಅದು ಕೆಳಗಿನ ಊರು, ಹೊಳೆಯ ಆಚೆ.

ಅಯ್ಯೋ, ಮತ್ತೇನು ತಪ್ಪು ಮಾಡಿದೆ...?

ತಿರುಗಿದಳು. ಗುರುಮೂರ್ತಿ ಕುರ್ಚಿಯಲ್ಲಿರಲಿಲ್ಲ. ಅವನ ಹಾಳೆ ಮಾತ್ರ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಎಂದೂ ಹಾಗೆ ಬಿಟ್ಟುಹೋದವನಲ್ಲ! ಇನ್ನೂರ ಹದಿನಾಲ್ಕು... 'ಅರಳಿಕುನ್ನು ಮೇಲೆಪಾಡಿ'.

ಅವನ ಉತ್ತರವೇ ಸರಿ ಇರಬೇಕು. ಅವನದು ಯಾವತ್ತೂ ಸರಿಯೇ.

ಜಿಷ ಮತ್ತೆ ಓಡಿಸಿ ನೋಡಲಿಲ್ಲ. ಅದನ್ನೇ ತನ್ನ ಹಾಳೆಯಲ್ಲೂ ಬರೆದಳು.

ಶನಿವಾರ ಎರಡು ಹಾಳೆಗಳೂ ಅಕ್ಷರಕ್ಕೆ ಅಕ್ಷರ ಹೊಂದಿದವು. ಸಾರ್ ಇಬ್ಬರ ಸಹಿ ಹಾಕಿಸಿ ಹಲ್ವ ಹಂಚಿದರು. ಗುರುಮೂರ್ತಿ ಮಾತ್ರ ಹಲ್ವ ಮುಟ್ಟಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ.

"ಗುರು, ಚಹಾಕ್ಕೆ ಬರಲ್ವಾ?"

"ಇಲ್ಲ. ನೀನು ಹೋಗು."

ಅಷ್ಟೇ! ಅವನು ಮೆಟ್ಟಿಲಿಳಿದು ಹೋಗಿಯೇಬಿಟ್ಟ.

ಗೊತ್ತಾಗಿಬಿಟ್ಟಿದೆ. ನನ್ನ ಕಳ್ಳತನ ಗೊತ್ತಾಗಿದೆ. ಥೂ ಅಂದುಕೊಂಡಿದ್ದಾನೆ ನನ್ನ...

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇದ್ದಳು.

"ಯಾಕವ್ವ, ಮಕ ಯಾಕೆ ಹಂಗೆ ಬಾಡೋಗದೆ?" ಅವ್ವ ಮಾದಮ್ಮ ಕೇಳಿದಳು.

"ಏನಿಲ್ಲ."

"ಇವತ್ತಿಂದ ಬೇಲಿ ತಾವ ಕೂತ್ಕಂಡು ಕಾಯೋ ಕೆಲ್ಸ ತಪ್ತು," ಅಂದ ಶಿವನಂಜಪ್ಪ, ಸಾರು ಸುರಿದುಕೊಳ್ಳುತ್ತ. "ಪೋನು ಕೂಗುದ್ರೆ ಒಳೀಕೆ ಇರಾದು, ಕೂಗದಿದ್ರೆ ನಿಮ್ಮವ್ವ ಸಂಜೆಗೆ ಹಸ ಹೊಡ್ಕ ಬರಕ್ಕೆ ಹೋಗಾದು. ಮಗಳೇ ಕೈಯಾರ ಮಾಡಿರೋದಲ್ವಾ, ಇನ್ಯಾಕೆ ಪೇಡಿ, ಯಾಕೆ ಹೆದ್ರಿಕೆ?"

ಜಿಷ ಎದ್ದೇಬಿಟ್ಟಳು. ಕೈ ತೊಳೆದು, ಪರೀಕ್ಷೆಗೆಂದು ತನ್ನ ಫೋನಿಗೂ ಹಾಕಿಕೊಂಡಿದ್ದ ಹೊಸ ಎಂಜಿನ್‌ಗೆ ಆ ಇನ್ನೂರ ಹದಿನಾಲ್ಕನೇ ಸಾಲನ್ನು ಕೊಟ್ಟಳು. 'ಅರಳಿಕುನ್ನು'. ಮತ್ತೊಮ್ಮೆ, ಒಂದೊಂದೇ ಅಕ್ಷರ ನೋಡುತ್ತ. 'ಅರಳಿಕುನ್ನು'. ಮೂರನೆಯ ಸಲವೂ ಅದೇ!

ಆಗ ಹೊಳೆಯಿತು. ಸೂತ್ರದ ಪಟ್ಟಿಯಲ್ಲಿ ಚಿಕ್ಕ ಹೆಸರು ಮೊದಲು ಇದೆ. ಹಳೆಯ ಎಂಜಿನ್ ಪಟ್ಟಿಯೆಲ್ಲ ನೋಡಿ ಅತಿ ಉದ್ದದ ಹೆಸರನ್ನು ಹಿಡಿಯುತ್ತದೆ. ಹೊಸದು ಮೊದಲು ಹೊಂದಿದ್ದನ್ನೇ ಹಿಡಿದು ಅಲ್ಲಿಗೇ ನಿಂತುಬಿಡುತ್ತದೆ. ಅವಳ ಉತ್ತರ ತಪ್ಪಾಗಿರಲಿಲ್ಲ... ತಪ್ಪು ಯಂತ್ರದಲ್ಲಿತ್ತು. ಅದನ್ನು ಅವಳು ಮುಚ್ಚಿಟ್ಟಿದ್ದಳು! ಆನೆ ಮೇಲೆಪಾಡಿಗೆ ಬಂದರೆ ಫೋನು ಕೂಗುವುದು ಕೆಳಗಿನ ಊರಿನಲ್ಲಿ. ಅವ್ವ ಹಸು ಹೊಡೆದುಕೊಂಡು ಬರಲು ಹೋಗಿರುತ್ತಾಳೆ...

ಗುರುಮೂರ್ತಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ.

ಬಸ್ ನಿಲ್ದಾಣಕ್ಕೆ ಓಡುತ್ತಲೇ ಶ್ರೀಧರನ್ ಸಾರ್‌ಗೆ ಫೋನಿನಲ್ಲಿ ಎಲ್ಲ ಹೇಳಿದಳು.

"ಹಾಗಾದ್ರೆ ನೀನು ಬರೆದಿದ್ದು ಸುಳ್ಳಾ?"

"ಹೌದು ಸಾರ್."

"ಇಬ್ಬರು ಸಹಿ ಹಾಕಿದ್ದನ್ನ ನಿಲ್ಲಿಸೋಕೂ ಇಬ್ಬರ ಸಹಿ ಬೇಕು, ಮೇಲಿನವರ ಆರ್ಡರು. ಗುರು ಎಲ್ಲಿ?"

"ಗೊತ್ತಿಲ್ಲ ಸಾರ್... ಫೋನ್ ತೆಗೀತಿಲ್ಲ."

"ಹುಡುಕು. ನಾನು ಕಚೇರಿಗೆ ಬರ್ತೀನಿ. ಆರರೊಳಗೆ ಆಗಬೇಕು."

ಮೂರೂವರೆಯ ಬಸ್ಸು ಬಂದದ್ದು ನಾಲ್ಕಕ್ಕೆ. ಕಾಡಿನ ತಿರುವಿನಲ್ಲಿ ಬಿದಿರು ಮುರಿಯುತ್ತ ಒಂಟಿ ಆನೆ ರಸ್ತೆಗೆ ಬಂದು ನಿಂತಿತು. ಡ್ರೈವರ್ ಎಂಜಿನ್ ಆರಿಸಿದ. ಬಸ್ಸಿನಲ್ಲಿ ಪಿಟ್ಟೆನ್ನುವವರಿಲ್ಲ. ಐದು ನಿಮಿಷ... ಹತ್ತು... ಇಪ್ಪತ್ತು. ಜಿಷ ಸೀಟಿನ ಕಂಬಿ ಹಿಡಿದ ಹಿಡಿತಕ್ಕೆ ಬೆರಳುಗಳು ಬಿಳುಚಿಕೊಂಡವು.

ಹೋಗಪ್ಪಾ, ನಿನ್ನ ದಮ್ಮಯ್ಯ... ಅವನು ನನ್ನ ಮುಖ ನೋಡದಿದ್ದರೂ ಪರವಾಗಿಲ್ಲ, ಒಂದು ಸಹಿ ಹಾಕಲಿ ಸಾಕು!

ಆನೆ ಕೊನೆಗೂ ಕಿವಿ ಬೀಸುತ್ತ ಕಾಡಿಗಿಳಿಯಿತು.

ಮಾನಂದವಾಡಿ ತಲುಪಿದಾಗ ಐದೂ ಕಾಲು. ಅವನ ಬಾಡಿಗೆ ಕೋಣೆಯ ವಿಳಾಸ ಕೇಳೋಣವೆಂದು ಕುಞ್ಞಮ್ಮನ ಅಂಗಡಿಗೆ ಓಡಿದಳು.

"ಕೋಣೆಗೆ ಯಾಕೆ ಹೋಗ್ತೀಯಾ? ಅವನು ಬೆಳಿಗ್ಗೆಯಿಂದ ಮೇಲೇ ಇದ್ದಾನೆ," ಅಂದಳು ಕುಞ್ಞಮ್ಮ. "ಚಹಾನೂ ಬೇಡ ಅಂದ. ಏನ್ ಮಾಡ್ದೆ ಅವನಿಗೆ?"

ಜಿಷ ಎರಡೆರಡು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು.

ಗುರುಮೂರ್ತಿ ಕೂತಿದ್ದುದು ತನ್ನ ಮೇಜಿನಲ್ಲಲ್ಲ, ಅವಳ ಮೇಜಿನಲ್ಲಿ! ಕೈಯಲ್ಲಿ ಪರೀಕ್ಷೆಯ ಮೊಬೈಲು, ಮುಂದೆ ಗೀಚಿದ ಹಾಳೆಗಳ ರಾಶಿ.

"ಇನ್ನೂರ ಹದಿನಾಲ್ಕು," ಅಂದಳು ಏದುಸಿರಿನಲ್ಲಿ.

"ಈಗ ತಾನೇ ಸಿಕ್ತು," ಅಂದ ಅವನು. ಕಣ್ಣುಗಳು ಕೆಂಪಾಗಿದ್ದವು. "ಎಲ್ಲಾ ಮೊದಲಿಂದ ಓಡಿಸ್ತಾ ಬಂದೆ."

"ನಾನು ನಿಮ್ಮ ಹಾಳೆ ನೋಡಿ ಬರೆದೆ ಗುರು. ನಿಮಗೆ ಗೊತ್ತಾಗಿ ತಾನೇ ನನ್ನ ಮಾತಾಡಿಸಲಿಲ್ಲ? ಬೈಯಿರಿ, ಆದ್ರೆ ಮೊದಲು ಸಹಿ..."

"ಜಿಷ," ಅವನು ಅಡ್ಡ ಬಾಯಿ ಹಾಕಿದ. "ಹಾಳೆ ಅಲ್ಲಿ ಯಾಕಿತ್ತು ಅಂದ್ಕೊಂಡೆ? ಮರೆತು ಹೋಗಿದ್ನಾ ನಾನು?"

ಜಿಷ ಅವನ ಮೇಜಿನತ್ತ ತಿರುಗಿ ನೋಡಿದಳು.

"ಬೇಕು ಅಂತಲೇ ಬಿಟ್ಟೆ. ನಾಲ್ಕನೇ ಸಲ ತಪ್ಪಾದ್ರೆ ಸಾರ್ ನಿನ್ನ ಎಬ್ಬಿಸ್ತಾರೆ ಅನ್ನೋ ಭಯ. ನಿನ್ನ ಉತ್ತರಾನೇ ಸರಿ ಇರಬಹುದು ಅಂತ ಒಂದು ಕ್ಷಣನೂ ಯೋಚಿಸಲಿಲ್ಲ ನಾನು! ನಿನ್ನ ಮುಖ ಹೇಗೆ ನೋಡಲಿ, ಫೋನ್ ಹೇಗೆ ಎತ್ತಲಿ?"

ಹಾಗಾದರೆ ತಿರಸ್ಕಾರವಲ್ಲ... ನಾಚಿಕೆ! ಜಿಷಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಶ್ರೀಧರನ್ ಸಾರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮುಖ ಗಂಟಿಕ್ಕಿತ್ತು.

"ಸಹಿ ಹಾಕಿ. ಇಬ್ಬರೂ."

ಹಾಕಿದರು. ಪಟ್ಟಿಯಲ್ಲಿ ಉದ್ದದ ಹೆಸರುಗಳನ್ನೆಲ್ಲ ಮೊದಲಿಗೆ ತಂದರು. ಮತ್ತೆ ಬೆನ್ನಿಗೆ ಬೆನ್ನು ಕೂತು, ಒಂದೂ ಮಾತಾಡದೆ, ಒಂದೇ ಬುಡದ ಹೆಸರಿದ್ದ ಮೂವತ್ತೆರಡು ಊರುಗಳನ್ನೂ ಓಡಿಸಿದರು. ಸಾರ್ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಹೊಂದಿತು. ಈ ಸಲ ನಿಜವಾಗಿಯೂ.

ಹೊಸ ಎಂಜಿನ್ ಶುರುವಾದಾಗ ಆರೂ ನಲವತ್ತು. ಏಳಕ್ಕೆ ಐದು ನಿಮಿಷ ಇರುವಾಗ ಪರದೆಯಲ್ಲಿ ಮೊದಲ ಸಾಲು ಮೂಡಿತು. ಕಳಿಸಿದವನು ವಾಚರ್ ಶಿವನಂಜಪ್ಪ. 'ಅರಳಿಕುನ್ನು ಮೇಲೆಪಾಡಿ ಗದ್ದೆಯಲ್ಲಿ ಎರಡು ಆನೆ.'

ಜಿಷ ಕೈ ಮುಗಿದು ಕೂತಳು. ಒಂದು ನಿಮಿಷ... ಎರಡು...

ಅವಳ ಫೋನು ರಿಂಗಾಯಿತು. ಅವ್ವ!

"ಏನ್ ಕೂಗ್ತದವ್ವ ಇದು! ಹಸ ಹೊಡ್ಕ ಬರವ ಅಂತ ಬಾಗಿಲ ದಾಟಿದ್ದೆ, ಎದೆ ಜಲ್ ಅಂದು ಒಳೀಕೆ ಓಡ್ ಬಂದೆ. ಹೆಂಗ್ ನಿಲ್ಸಾದು ಇದ ಈಗ?"

"ಕೂಗಲಿ ಬಿಡವ್ವ... ಕೂಗಲಿ," ಎನ್ನುತ್ತ ಜಿಷ ಬಿಕ್ಕಿದಳು.

ಸಾರ್ ಕನ್ನಡಕ ಒರೆಸಿಕೊಂಡರು. "ನಾಳೆಯಿಂದ ನೀನು ಈ ಮೇಜಲ್ಲಿ ಕೂರೋ ಹಾಗಿಲ್ಲ ಮೋಳೇ. ಊರೂರಿಗೆ ಹೋಗಿ ಜನಕ್ಕೆ ಫೋನು ಕಲಿಸೋ ಕೆಲಸ ನಿಂದು. ಒಬ್ಬರಿಗಾಗಿ ಒಬ್ಬರು ತಪ್ಪು ಮಾಡೋರನ್ನ ನಾನು ಎರಡು ಮೇಜಿಗೆ ಕೂರಿಸೋದು ಹೇಗೆ?" ತುಟಿಯಂಚಿನಲ್ಲಿ ಸಣ್ಣ ನಗು ತೋರಿಸಿ ಇಳಿದು ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಬುಧವಾರ ನಿಮ್ಮ ಮನೆಗೆ ಬರ್ತೀನಿ," ಅಂದ ಗುರುಮೂರ್ತಿ. "ನಿಮ್ಮ ಅಪ್ಪನ ಹತ್ರ ಮಾತಾಡಬೇಕು. ನಮ್ಮವ್ವನ್ನೂ ಕರ್ಕೊಂಡು."

"ಬೇಡ."

ಅವನ ಮುಖ ಇಳಿದುಹೋಯಿತು.

"ಬುಧವಾರ ಅಪ್ಪಂಗೆ ಕಾಡಲ್ಲಿ ಡ್ಯೂಟಿ," ಅಂದಳು ಜಿಷ, ನೆಲ ನೋಡುತ್ತ. "ಗುರುವಾರ ಬನ್ನಿ. ಬೆಳಿಗ್ಗೆ ಹೊತ್ತಲ್ಲೇ ಬನ್ನಿ, ಕತ್ತಲಾಗೋಕೆ ಮೊದಲು ವಾಪಸ್ ಹೊರಟುಬಿಡಿ."

"ನಮ್ಮೂರೂ ಕಾಡೇ ಕಣೇ. ಆನೆ ನೋಡದವನಾ ನಾನು?"

"ಅದಕ್ಕಲ್ಲ... ನೀವು ಮನೆ ಸೇರಿದ್ರಾ ಇಲ್ವಾ ಅಂತ ಕಾಯ್ತಾ ಕೂರೋಳು ನಾನಲ್ವಾ?"

ಗುರುಮೂರ್ತಿ ಅವಳ ತಣ್ಣನೆಯ ಬೆರಳುಗಳನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದ.

"ಎಲ್ಲಿವರೆಗೆ ಕಾಯ್ತೀಯಾ?"

"ಸಾಯೋವರೆಗೂ... ಬಯ್ಕೊಂಡು!"