ಹಿತ್ತಲ ಬಾಗಿಲಿನ ಟಯರುಗಳು

ವಿಜಯಕುಮಾರ್ ಕಪ್ಪು ಚೀಲದಿಂದ ಟಯರು ಹೊರಗೆಳೆದ. ಅದರ ಮೇಲೆ ವಿಭೂತಿಯ ಮೂರು ಗೆರೆಗಳಿದ್ದವು.

ಪಕ್ಕದಲ್ಲಿದ್ದ ಶೈಲಜಾ ಆ ಗೆರೆಗಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು...

ಸಂಡೂರಿನ ಹಳೆಯ ಲಾರಿ ಯಾರ್ಡಿನಲ್ಲಿ ಹವ್ಯಾಸಿಗಳ ಕಾರ್ ರೇಸು ಶುರುವಾಗಲು ಸ್ವಲ್ಪವೇ ಹೊತ್ತಿತ್ತು. ಅವನು ಟಯರಿನ ಮೈಗೆ ಬೆರಳೊತ್ತಿದ. ಎಂದಿನಂತೆ ಅಂಟಲಿಲ್ಲ, ಜಾರಿತು. ಯಾರೋ ಪಾಲಿಶ್ ಎಣ್ಣೆ ಬಳಿದು ಫಳಫಳ ಹೊಳೆಸಿದ್ದರು.

“ಇದು ನಿಮ್ಮಣ್ಣನ ಕೆಲಸ ಏನ್ರಿ, ಮೇಡಂ?”

ಮೇಡಂ! ಬೆಳಗ್ಗೆಯಷ್ಟೇ ಶೈಲೂ ಅಂದಿದ್ದ ಬಾಯಿ...

ಅಣ್ಣ ಹಾಲೇಶನೂ ಇವತ್ತು ರೇಸಿನಲ್ಲಿದ್ದ. ಹೌದು ಅಂದುಬಿಟ್ಟರೆ ಅವಳು ಪಾರು. ಹಾಗೆ ಯೋಚಿಸಿದ ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಆ ಟಯರುಗಳ ರಬ್ಬರು ಮೆತ್ತಗೆ. ರಸ್ತೆಯನ್ನು ಕಚ್ಚಿ ಹಿಡಿಯುವ ಅದರ ಗುಣ ಕಾವಿಗೆ ಬತ್ತಿಹೋಗುತ್ತದೆ. ಗಾದಿಗನೂರಿನ ಅವನ ತಗಡಿನ ಮನೆಯೋ, ಮಧ್ಯಾಹ್ನಕ್ಕೆ ಕಾದ ಹೆಂಚು. ಕಂಪ್ಲಿಯಲ್ಲಿ ತಮ್ಮ ಮನೆಯ ಅಕ್ಕಿ ಗಿರಣಿಯ ಗೋದಾಮು ಕತ್ತಲೆ, ತಂಪು, ಅಲ್ಲಿಡೋಣ ಎಂದು ಒತ್ತಾಯಿಸಿದವಳು ಅವಳೇ. ಹಿತ್ತಲ ಬಾಗಿಲಿನಿಂದ ಬಾ ಎಂದವಳೂ ಅವಳೇ. ಯಾರದಿವು ಎಂದು ಅಪ್ಪ ಕೇಳಿದಾಗ ಅಣ್ಣನವು ಎಂದುಬಿಟ್ಟಿದ್ದಳು. ಕಾಲೇಜಿನಲ್ಲಿ ಸಮಾನತೆಯ ಪಾಠ ಹೇಳುವ ನಾಲಿಗೆಗೆ ಕೇರಿಯ ಹುಡುಗನ ಹೆಸರು ಹೇಳಲು ನಾಚಿಕೆ!

ಮನೆಯವು ಅಂದಮೇಲೆ ಮನೆಯ ಪದ್ಧತಿ ಬಿಟ್ಟೀತೆ? ನಿನ್ನೆ ಆಯುಧಪೂಜೆಗೆ ಹಮಾಲರು ಲಾರಿ ಟಯರುಗಳಿಗೆ ಎಣ್ಣೆ ಬಳಿದು ಮಿಂಚಿಸುವಾಗ ಇವಕ್ಕೂ ಬಳಿದಿದ್ದಾರೆ. ಆ ಮೂರು ಗೆರೆ ಅಪ್ಪ ಜಡೆಪ್ಪನವರ ಬೆರಳಿನವೇ.

ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ನನ್ನ ಟಯರಿಗೆ ನಿಮ್ಮನ್ಯಾಗ ಪೂಜಿ. ನನಗ ಹಿತ್ತಲ ಬಾಗ್ಲ. ಭಾಳ ಚಂದ ಐತ್ರಿ.”

ಅವಳಿಗೆ ಮುಖ ಎತ್ತಲಾಗಲಿಲ್ಲ. ಇಲ್ಲೇ ಮರೆಯಲ್ಲಿ ಅತ್ತು ಕ್ಷಮೆ ಕೇಳಬಹುದಿತ್ತು. ಆದರೆ ಅದೂ ಮತ್ತೊಂದು ಹಿತ್ತಲ ಬಾಗಿಲೇ ಅಲ್ಲವೇ?

ಮಗನ ಓಟ ನೋಡಲು ಬಂದ ಜಡೆಪ್ಪನವರು ಶಾಮಿಯಾನದ ಕೆಳಗೆ ಕೂತಿದ್ದರು. ಅವಳು ನೆಟ್ಟಗೆ ಅಲ್ಲಿಗೇ ನಡೆದು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅಪ್ಪಾ, ಗೋದಾಮಿನ್ಯಾಗಿದ್ದ ಟಯರ್ ಅಣ್ಣಂದಲ್ಲ. ವಿಜಯಕುಮಾರ್ ಅವರ್ವು. ನಾ ಸುಳ್ಳ ಹೇಳಿದ್ದೆ.”

“ಯಾರವ್ವಾ ಅಂವ? ಯಾರ ಪೈಕಿ?”

ಈ ಒಂದು ಪ್ರಶ್ನೆಗೆ ಹೆದರಿಯೇ ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದಳು.

“ಗಾದಿಗನೂರು ಕೇರಿಯವ್ರು. ನಾ ಮದಿವಿ ಆಗೋರು.”

ಅಕ್ಕಪಕ್ಕದವರು ಇತ್ತ ತಿರುಗಿದರು. ಜಡೆಪ್ಪನವರು ಟವೆಲ್ಲು ಕೊಡವಿ ಎದ್ದರು. “ಹಂಗಾರ ಮನಿಗೆ ಬರಬ್ಯಾಡ” ಎಂದವರೇ ತಿರುಗಿ ನೋಡದೆ ಕಾರಿನತ್ತ ಹೋದರು.

ಅವಳು ಹಿಂತಿರುಗಿದಾಗ ವಿಜಯಕುಮಾರ್ ಟಯರು ತೊಳೆಯುತ್ತಿದ್ದ. ಅಷ್ಟು ದೂರದಿಂದಲೂ ಅವನಿಗೆ ಎಲ್ಲ ಕೇಳಿಸಿತ್ತು. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸೋಪಿನ ನೀರಿಗೆ ಕೈಯಿಟ್ಟಳು. ಸೀರೆಗೆ ಕಪ್ಪು ಎಣ್ಣೆ ಹತ್ತಿತು.

ಇವತ್ತು ಓಡಿಸಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು.

“ಇವತ್ತ ಆಗಂಗಿಲ್ಲ. ತೊಳದು, ಒಣಗಿಸಿ, ನಿಧಾನ ಓಡಿಸಿ ಮ್ಯಾಲಿನ ಪದರ ಸವಸಬೇಕು. ಆಮ್ಯಾಲೂ ಹಿಡಿತ ಬರತೈತೋ ಇಲ್ಲೋ.”

“ಹಿಡಿತ ಬರೂಮಟ ನಾ ಉಜ್ಜತೀನಿ... ಆಮ್ಯಾಲೆ ಇವನ್ನ ಎಲ್ಲಿ ಇಡೂದು?”

“ನಮ್ಮವ್ವನ ಮಂಚದ ಬುಡಕ. ಅಲ್ಲಿ ಒಂದೀಟು ತಂಪೈತಿ.”

“ನಾ... ಯಾವ ಬಾಗ್ಲಿಂದ ಬರಲಿ?”

ಅವನು ಮೊದಲ ಸಲ ಅವಳ ಕಡೆ ನೋಡಿದ. ನೊರೆಯೊಳಗಿನ ಅವಳ ಬೆರಳುಗಳನ್ನು ಹುಡುಕಿ ಹಿಡಿದ.

“ನಮ್ಮನಿಗೆ ಇರೋದ ಒಂದ ಬಾಗ್ಲ, ಶೈಲೂ.”