ತಣ್ಣಗಿದ್ದ ಬೆರಳು

ಇಡೀ ಐಸಿಯು ‘ಬ್ರದರ್’ ಎಂದು ಕರೆಯುವ ಮನುಷ್ಯನ ಮೇಲೆ ಮನಸ್ಸಾದರೆ ಏನು ಮಾಡುವುದು? ಇದನ್ನು ಅವಳು ಡೈರಿಗೂ ಹೇಳಿರಲಿಲ್ಲ. ನರ್ಸ್ ಕೆಲಸದ ಗಂಡಸರನ್ನು ಅಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಸಂಶೋಧನಾ ಸಹಾಯಕಿಯಾಗಿ ಬಂದ ಅವಳಿಗೆ ಮಾತ್ರ ಆ ಪದ ಗಂಟಲಿನಿಂದ ಹೊರಡದು. ‘ರೀ’ ಎಂದರೆ ಆಗಲೇ ಮದುವೆಯಾದ ಹಾಗೆ. ಹಾಗಾಗಿ ‘ಸ್ವಲ್ಪ ಇಲ್ಲಿ’ ಎಂದೇ ದಿನ ದೂಡುತ್ತಿದ್ದಳು.

ಲಿವರ್ ಎಷ್ಟು ಚುರುಕಾಗಿದೆ ಎಂದು ನೋಡಲು ರಕ್ತನಾಳಕ್ಕೆ ಹಸಿರು ದ್ರವ ಬಿಡುತ್ತಾರೆ. ಅದು ಎಷ್ಟು ಬೇಗ ಮಾಯವಾಗುತ್ತದೆಂದು ಬೆರಳಿನ ಕ್ಲಿಪ್ ನೋವಿಲ್ಲದೆ ಅಂಕಿಯಲ್ಲಿ ಹೇಳುತ್ತದೆ; ಅಂಕಿ ದೊಡ್ಡದಾದಷ್ಟೂ ಲಿವರ್ ಚುರುಕು. ಮತ್ತೆ ಮತ್ತೆ ರಕ್ತ ತೆಗೆದು ಲ್ಯಾಬಿಗೆ ಕಳಿಸುವುದು ಹಳೆಯ ದಾರಿ. ಎರಡನ್ನೂ ಹೋಲಿಸುವುದು ಅವಳ ಕೆಲಸ. ರೋಗಿಗಳಿಗಿಂತ ಮೊದಲು ಆರೋಗ್ಯವಂತರೊಬ್ಬರು ಬೇಕಿತ್ತು.

“ನಾನಿದ್ದೀನಲ್ಲ, ಬಿಟ್ಟಿ ಲಿವರ್!” ಎಂದು ಅವನು ತೋಳು ಚಾಚಿದ.

ಡಾಕ್ಟರ್ ಮೇಡಂ ಸೂಜಿ ಎತ್ತಿದರು. ಅವನು ಕಣ್ಣು ಮುಚ್ಚಿದ.

“ದಿನಾ ಊರಿಗೆಲ್ಲ ಚುಚ್ಚೋನಿಗೆ ಏನಯ್ಯಾ ಭಯ?”

“ಚುಚ್ಚೋದು ಬೇರೆ, ಚುಚ್ಚಿಸ್ಕೊಳ್ಳೋದು ಬೇರೆ ಮೇಡಂ.”

ಅವಳು ನಗು ನುಂಗಿ ಅವನ ಬೆರಳು ಹಿಡಿದಳು. ಕ್ಲಿಪ್ ಹಾಕಿ, ಅಲುಗದಂತೆ ಹಾಗೆಯೇ ಹಿಡಿದು ಕೂತಳು. ಬೆರಳು ತಣ್ಣಗಾಗುತ್ತಿತ್ತು; ಎಸಿಯಿಂದ ಎಂದುಕೊಂಡಳು. ಅವನು ಕಣ್ಣು ತೆರೆದು ಒಮ್ಮೆ ನೋಡಿದ. ಅವಳು ತಟ್ಟನೆ ಪರದೆಯ ಕಡೆ ತಿರುಗಿದಳು.

ಇಪ್ಪತ್ತರ ಆಸುಪಾಸು ಇರಬೇಕಾದ ಅಂಕಿ ಐದಕ್ಕೆ ನಿಂತಿತ್ತು.

ಐದು! ಉಸಿರಿಗೆ ಪೈಪು ಹಾಕಿ ಮಲಗಿಸಿದವರ ಅಂಕಿ ಅದು. ಮೇಡಂ ಮುಖದ ನಗು ಆರಿತು.

“ಕುಡೀತೀಯಾ?”

“ಕಾಫಿ ಬಿಟ್ರೆ ನೀರು ಮೇಡಂ,” ಎಂದವನ ಬಾಯಿಯಲ್ಲಿ ಈಗ ತಮಾಷೆಯಿರಲಿಲ್ಲ. “ಅಮ್ಮನಿಗೆ ಹೇಳ್ಬೇಡಿ, ಪ್ಲೀಸ್.”

ರಕ್ತದ ಟ್ಯೂಬುಗಳನ್ನು ಅವಳೇ ಲ್ಯಾಬಿಗೆ ಒಯ್ದಳು. ರಿಪೋರ್ಟಿಗೆ ಕಾಯುತ್ತ ಕಿಟಕಿಯ ಹೊರಗೇ ನಿಂತಳು. ಅವನಿಲ್ಲದ ವಾರ್ಡನ್ನು ನೆನೆಯಲು ಹೋಗಿ, ಆಗದೆ ಬಿಟ್ಟಳು.

ರಿಪೋರ್ಟ್ ಬಂತು: ಇಪ್ಪತ್ತೆರಡು.

ಅವಳು ಓಡೋಡಿ ಬಂದು ಅದನ್ನು ತೋರಿಸಿದಾಗ ಮೇಡಂ ಅವನ ಕೈ ಮುಟ್ಟಿ ನೋಡಿ, “ಅಯ್ಯೋ, ಮಂಜುಗಡ್ಡೆ! ಬೆರಳಿಗೆ ರಕ್ತಾನೇ ಬರದಿದ್ರೆ ಕ್ಲಿಪ್ ಏನು ಓದುತ್ತೆ, ಮಣ್ಣು? ಆಗ ಸೂಜಿಗೆ ಹೆದರಿದ್ಯಾ?” ಎಂದರು.

“ಸೂಜಿಗಲ್ಲ ಮೇಡಂ,” ಎಂದ ಅವನು ನೆಲ ನೋಡುತ್ತ. “ಇವರು ಕೈ ಹಿಡ್ಕೊಂಡ್ರಲ್ಲ, ಅದಕ್ಕೆ.”

ಮೇಡಂ ಇಬ್ಬರನ್ನೂ ನೋಡಿ, ಕೆಮ್ಮಿ, ಯಾರೂ ಕರೆಯದಿದ್ದರೂ “ಬಂದೆ, ಬಂದೆ” ಎನ್ನುತ್ತ ಹೊರಟುಹೋದರು.

ಅವಳು ರಿಪೋರ್ಟನ್ನು ಮಡಚಿದಳು, ಬಿಡಿಸಿದಳು. ‘ಸದ್ಯ, ಪರವಾಗಿಲ್ವಲ್ಲ’ ಎಂದಷ್ಟೇ ಹೇಳಿ ಹೋಗಬೇಕೆಂದುಕೊಂಡಳು. ಬಾಯಿ ಕೇಳಲಿಲ್ಲ.

“ನನ್ನ ರಕ್ತದ ಗುಂಪು ಎಲ್ಲರಿಗೂ ಹೊಂದುತ್ತೆ. ಲ್ಯಾಬ್ ಹತ್ರ ನಿಂತು, ನನ್ನ ಅರ್ಧ ಲಿವರ್ ನಿಮಗೇ ಅಂತ ನಿರ್ಧಾರ ಮಾಡಿಬಿಟ್ಟಿದ್ದೆ ರೀ.”